ಬಸವಲಿಂಗಮ್ಮನ ಎದೆಯ ಸೊನ್ನೆಗಳು

ಸಪಾಟಾದ ಗೆರೆ ಕಂಡರೆ ನನಗಾಗುವುದಿಲ್ಲ. ಸೀರಿಯಲ್‌ನವರಿಗೆ ಅದು ಬಲು ಇಷ್ಟ. ಮಾನಿಟರ್ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಟುಂಯ್ ಅಂತ ಶಬ್ದ ಹಾಕಿ, ಸೊಸೆಯ ಕೈಲಿ ಒಂದು ಚೀರಾಟ ಹಾಕಿಸಿದರೆ ಆ ದಿನದ ಕಂತು ಮುಗಿಯಿತು. ನಿಜವಾದ ಮನುಷ್ಯರ ಮೈಗೆ ಹಚ್ಚಿದ ವೈರಿನಲ್ಲಿ ಅಷ್ಟು ಸಪಾಟು ಬರುವುದೇ ಇಲ್ಲ. ಉಸಿರೆಳೆದರೆ ಗೆರೆ ಏಳುತ್ತದೆ, ಕೈ ಎತ್ತಿದರೆ ಅದುರುತ್ತದೆ, ಪಕ್ಕದಲ್ಲಿ ಯಾರಾದರೂ ಮಿಕ್ಸಿ ಹಾಕಿದರೆ ಅದೂ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಗುರುಪ್ರಕಾಶನ ತಾಯಿಯ ರಿಪೋರ್ಟಿನಲ್ಲಿ ಆ ಸಪಾಟು ಗೆರೆಗಳನ್ನು ನೋಡಿದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿತು.

ನಾನು ಪ್ರೇಮಲತಾ. ತವರು ಕುಣಿಗಲ್, ಈಗ ಇರುವುದು ಮರಳೂರಿನಲ್ಲಿ. ಕೆಲಸ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ. ಆ ಶೆಡ್ಡಿನ ಮಾಲೀಕನೇ ಗುರುಪ್ರಕಾಶ. ಪಾಲಿಟೆಕ್ನಿಕ್‌ನಲ್ಲಿ ಇಬ್ಬರೂ ಒಂದೇ ಬ್ಯಾಚು, ಹಾಗಾಗಿ ಅವನು ಮಾಲೀಕನಾದ ಮೇಲೂ ನಾನು ಹೋಗೋ ಬಾರೋ ಬಿಟ್ಟಿಲ್ಲ. ನಾವು ಮಾಡುವುದು ಅಂಗೈಯಗಲದ ಒಂದು ರೆಕಾರ್ಡರ್. ಎದೆಗೆ ಅಂಟುವ ಪ್ಯಾಚುಗಳನ್ನು ಹಚ್ಚಿ, ಅವಕ್ಕೆ ವೈರಿನ ಕ್ಲಿಪ್ ಸಿಕ್ಕಿಸಿ, ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡರೆ ಇಡೀ ದಿನದ ಎದೆಬಡಿತವನ್ನು ತುಂಬಿಸಿಕೊಳ್ಳುತ್ತದೆ. ಆಸ್ಪತ್ರೆಗಳಿಗೆ ಇನ್ನೂ ಮಾರಿಲ್ಲ, ತೋರಿಸಿ ಒಪ್ಪಿಸುವ ಹಂತದಲ್ಲಿದ್ದೇವೆ. ಪೆಟ್ಟಿಗೆ ಗುರುವಿನದು, ಅದರೊಳಗಿಂದ ಬಂದದ್ದನ್ನು ಓದುವ ಕೋಡ್ ನನ್ನದು.

ಆ ಕೋಡಿನ ಗಂಟಿಗೆ ನಮ್ಮವರು ಲೈಬ್ರರಿ ಅನ್ನುತ್ತಾರೆ. ರಿಪೋರ್ಟ್ ಬರೆಯುವ ಪ್ರೋಗ್ರಾಮು, ಗೆರೆ ತೋರಿಸುವ ಪ್ರೋಗ್ರಾಮು ಎಲ್ಲವೂ ಅದರಿಂದಲೇ ಎತ್ತಿಕೊಳ್ಳಬೇಕು. ಅದರ ಜೀವಾಳವೇ ಡೇಟಾ ಟೈಪು. ಇದನ್ನು ನಮ್ಮವ್ವನಿಗೆ ಹೇಳುವಾಗ ಪಾತ್ರೆ ಅಂದಿದ್ದೆ. ರಾಗಿಗೆ ಒಂದು, ಮಜ್ಜಿಗೆಗೆ ಇನ್ನೊಂದು, ಯಾವುದರಲ್ಲಿ ಏನು ಹಾಕಬಹುದು ಅಂತ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ನಮ್ಮಲ್ಲಿ ಎಡೆಬಿಡದೆ ಬರುವ ಬಡಿತಕ್ಕೆ ಒಂದು ಟೈಪು ಇತ್ತು. ಪೇಷೆಂಟು ಎದೆಯಲ್ಲಿ ಏನೋ ಆಯಿತು ಅಂತ ಬಟನ್ ಒತ್ತಿದರೆ ಆ ಗಳಿಗೆಯನ್ನು ಗುರುತಿಡಲು ಇನ್ನೊಂದು. ನನಗೆ ಮೂರನೆಯದೂ ಬೇಕಿತ್ತು. ವೈರು ಕಳಚಿಕೊಂಡಾಗ ಎದೆಯಲ್ಲಿ ಏನು ನಡೆಯಿತೋ ಯಾರಿಗೂ ತಿಳಿಯುವುದಿಲ್ಲವಲ್ಲ, ಆ ಹೊತ್ತಿಗೆ ಒಂದು ಪಾತ್ರೆ. ಅದಕ್ಕೆ 'ಗೊತ್ತಿಲ್ಲ' ಅಂತಲೇ ಹೆಸರಿಟ್ಟಿದ್ದೆ.

ಗುರು ಒಪ್ಪಲಿಲ್ಲ. ರಿಪೋರ್ಟಿನ ನಡುವೆ ಖಾಲಿ ಜಾಗ ಕಂಡರೆ ಡಾಕ್ಟರುಗಳು ಮೆಷಿನ್ ಕೆಟ್ಟಿದೆ ಅನ್ನುತ್ತಾರಂತೆ. ಅಲ್ಲೆಲ್ಲ ಸೊನ್ನೆ ತುಂಬಿ ಗೆರೆ ಜೋಡಿಸಿದರೆ ನೋಡಲು ನೀಟಾಗಿರುತ್ತದಂತೆ. ಸೊನ್ನೆ ಅಂದರೆ ಏನೂ ಇಲ್ಲ ಅಂತ ಖಾತ್ರಿಯಾಗಿ ಹೇಳಿದ ಹಾಗೆ, ಗೊತ್ತಿಲ್ಲ ಅಂದರೆ ಇದ್ದರೂ ಇರಬಹುದು ಅಂತ, ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಆಮೇಲೆ ಬೇರೆ ಮಾಡೋದು ಹೇಗೆ ಅಂತ ಗಂಟಲು ಒಣಗುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಆ ಸೊನ್ನೆ ತುಂಬುವ ಭಾಗವನ್ನು ಅವನೇ ಕೂತು ಬರೆದ, ನಾನು ಸಿಟ್ಟಿನಿಂದ ಒಂದು ವಾರ ಅವನ ಟೀ ಕುಡಿಯಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಬಸವಲಿಂಗಮ್ಮ ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ಅವರು ಇರುವುದು ಮಗನ ಜೊತೆ ಕ್ಯಾತ್ಸಂದ್ರದಲ್ಲಿ. ಗುಬ್ಬಿ ಹತ್ತಿರ ತೆಂಗಿನ ತೋಟವಿದೆ, ಕಾಯಿ ಕೆಡವಿಸುವಾಗ ಎದುರಿಗೆ ತಾವು ನಿಲ್ಲದಿದ್ದರೆ ಮರ ಕಾಯಿಯನ್ನೇ ಬಿಡುವುದಿಲ್ಲ ಅನ್ನುವ ಹೆಂಗಸು. ಬಿಸಿಲಿಗೆ ಹಂಗಾಯ್ತು ಬುಡು ಅಂತ ಅವರು ಅಂದರೂ ಗುರು ಕೇಳಲಿಲ್ಲ. ನಮ್ಮದೇ ರೆಕಾರ್ಡರ್ ತಂದು, ತಾನೇ ಕೈಯಾರೆ ತಾಯಿಯ ಎದೆಗೆ ಪ್ಯಾಚು ಹಚ್ಚಿ, ಎದೆಯಲ್ಲಿ ಏನಾದರೂ ಆದರೆ ಈ ಬಟನ್ ಒತ್ತು ಅಂತ ಹೇಳಿಕೊಟ್ಟ. ಮಾರನೆಯ ದಿನ ರಿಪೋರ್ಟ್ ತೆಗೆದುಕೊಂಡು ಹೃದಯದ ಡಾಕ್ಟರ್ ಅನುಪಮಾ ಹತ್ತಿರ ಹೋದರು. ಆಕೆ ಹಾಳೆ ಹಾಳೆಯಾಗಿ ತಿರುವಿ ನೋಡಿ, ಹೃದಯ ಎಷ್ಟೋ ಸಲ ಕೆಲವು ಸೆಕೆಂಡು ನಿಂತು ನಿಂತು ಹೊಡೆಯುತ್ತಿದೆ, ತಡ ಮಾಡದೆ ಪೇಸ್‌ಮೇಕರ್ ಹಾಕಿಸಬೇಕು ಅಂದರು. ಎಡ ಹೆಗಲಿನ ಕೆಳಗೆ, ಚರ್ಮದಡಿ ಒಂದು ಚಿಕ್ಕ ಡಬ್ಬಿ ಇಡುತ್ತಾರೆ, ಹೃದಯ ಮರೆತಾಗ ಅದು ತಟ್ಟಿ ಎಬ್ಬಿಸುತ್ತದೆ ಅಂತ ವಿವರಿಸಿದರು.

ಬಸವಲಿಂಗಮ್ಮ ಕೊರಳಿನ ಶಿವದಾರ ಹಿಡಿದುಕೊಂಡೇ ಎಲ್ಲ ಕೇಳಿದರಂತೆ. ಆ ದಾರದಲ್ಲಿ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿರುತ್ತದೆ.

"ನನ್ನ ಎದೆ ಮ್ಯಾಲೆ ಒಂದೈತೆ ಕಣವ್ವ," ಅಂದರಂತೆ. "ಇನ್ನೊಂದು ಡಬ್ಬಿ ಬ್ಯಾಡ."

ಅಷ್ಟು ಹೇಳಿ ಎದ್ದು ಬಂದವರು ಮತ್ತೆ ಆ ಮಾತೇ ಎತ್ತಗೊಡಲಿಲ್ಲ. ಗುರು ಅತ್ತ ತಾಯಿಯನ್ನು ಒಪ್ಪಿಸಲಾರ, ಇತ್ತ ಸುಮ್ಮನಿರಲಾರ. ಶೆಡ್ಡಿಗೆ ಬಂದು ಬೆಸುಗೆ ಹಾಕುವ ಮೇಜಿನ ಮುಂದೆ ಕೈ ಕಟ್ಟಿ ಕೂತುಬಿಡುತ್ತಿದ್ದ. ಬೆಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತೇನೆ, ಗೆರೆಗಳನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಡು ಅಂತ ನನ್ನನ್ನು ಕೇಳಿದ. ಪಾಪ, ಮೂರು ಹೊತ್ತೂ ತಾಯಿಯ ಉಸಿರು ಎಣಿಸುವವನ ಹಾಗಾಗಿದ್ದ.

ಪ್ರಿಂಟ್ ತೆಗೆಯಲು ಕೂತಾಗಲೇ ನಾನು ಆ ಸಪಾಟು ಗೆರೆ ನೋಡಿದ್ದು. ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಉಸಿರಿಲ್ಲ, ಅದುರಿಲ್ಲ, ಏನೂ ಇಲ್ಲ. ಹೃದಯ ನಿಂತಿತು ಸರಿ, ಶ್ವಾಸಕೋಶ, ಹೆಗಲು, ಮೈಚರ್ಮ ಎಲ್ಲವೂ ಕೂಡಿಕೊಂಡು ಒಟ್ಟಿಗೆ ಸ್ಟ್ರೈಕ್ ಮಾಡಿದವೇ? ಕೂಡಲೇ ಲೈಬ್ರರಿಯನ್ನು ಪಕ್ಕಕ್ಕಿಟ್ಟು, ರೆಕಾರ್ಡರಿನ ಕಾರ್ಡಿನಲ್ಲಿದ್ದ ಮೂಲ ಫೈಲನ್ನೇ ತೆರೆದೆ. ಸಪಾಟು ಇದ್ದ ಕಡೆಯಲ್ಲೆಲ್ಲ ಸೊನ್ನೆಗಿಂತ ಎಷ್ಟೋ ಕೆಳಗಿನ, ಆ ಪಾತ್ರೆ ಹಿಡಿಯಬಲ್ಲ ಅತಿ ಚಿಕ್ಕ ಸಂಖ್ಯೆ ಸಾಲಾಗಿ ಕೂತಿತ್ತು. ಯಾರ ಎದೆಯಿಂದಲೂ ಅಂಥ ಸಂಖ್ಯೆ ಬರುವುದಿಲ್ಲ. ವೈರು ಕಳಚಿದೆ, ನನ್ನನ್ನೇನೂ ಕೇಳಬೇಡಿ ಅಂತ ರೆಕಾರ್ಡರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಹೇಳುವ ರೀತಿ ಅದು. ಗುರುವಿನ ಕೋಡು ಅದನ್ನೆಲ್ಲ ಅಳಿಸಿ ಅಂದವಾಗಿ ಸೊನ್ನೆ ತುಂಬಿತ್ತು, ರಿಪೋರ್ಟಿನ ಪ್ರೋಗ್ರಾಮು ಆ ಸೊನ್ನೆಗಳನ್ನು ಹೃದಯ ನಿಂತದ್ದು ಅಂತ ಓದಿತ್ತು.

ನಾನು ಆಗಲೇ ಗುರುವಿಗೆ ಹೇಳಿಬಿಡಬಹುದಿತ್ತು. ಆದರೆ ಇನ್ನೊಂದು ವಿಷಯ ನನ್ನನ್ನು ಕುಟುಕುತ್ತಿತ್ತು. ವೈರು ಕಳಚಿದ್ದು ಯಾವಾಗೆಂದರೆ ಆವಾಗಲ್ಲ, ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಪ್ರತಿ ಸಲವೂ ಕೆಲವೇ ಸೆಕೆಂಡು, ಆಮೇಲೆ ತಾನಾಗಿಯೇ ಸರಿ. ಲೂಸ್ ಕಾಂಟ್ಯಾಕ್ಟಿಗೆ ಟೈಮ್‌ಟೇಬಲ್ ಎಲ್ಲಿಂದ ಬಂತು? ಆ ಹೊತ್ತಿನಲ್ಲಿ ಅಮ್ಮ ಏನು ಮಾಡುತ್ತಿರುತ್ತಾರೆ ಅಂತ ಗುರುವನ್ನು ವಿಚಾರಿಸಿದೆ. ಲಿಂಗಪೂಜೆಗೆ ಕೂತಿರುತ್ತಾರೆ, ಕೂತರೆ ಕಲ್ಲಿನ ಹಾಗೆ, ರೆಪ್ಪೆ ಸಮೇತ ಅಲುಗುವುದಿಲ್ಲ ಅಂದ. ಇಡೀ ದಿನ ಅಡ್ಡಾಡುವಾಗ ಕಳಚದ ಕ್ಲಿಪ್ಪು ಅಲುಗದೆ ಕೂತಾಗ ಕಳಚುತ್ತದೆ ಅಂದರೆ ನಾನು ನಿದ್ದೆ ಮಾಡುವುದು ಹೇಗೆ. ಅವತ್ತೇ ಸಂಜೆ ರೆಕಾರ್ಡರ್, ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿಕೊಂಡು ಸ್ಕೂಟರ್ ಹತ್ತಿ ಕ್ಯಾತ್ಸಂದ್ರಕ್ಕೆ ಹೋದೆ.

ಬಸವಲಿಂಗಮ್ಮ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿ ಹಾಕಿಸಿಕೋ ಅಂತ ಹೇಳಕ್ಕೆ ಬಂದಿದ್ದರೆ ಟೀ ಕುಡಿದು ಹೊರಡು ಅಂದರು. ಅಲ್ಲ, ನೀವು ಪೂಜೆ ಮಾಡುವುದನ್ನು ನೋಡಬೇಕು ಅಂದೆ. ಪೂಜೆ ಏನು ಸಿನಿಮಾವೇ ಅಂತ ಗೊಣಗಿದರೂ ಕೂತು ಪ್ಯಾಚು ಹಚ್ಚಿಸಿಕೊಂಡರು. ಗುರು ಎಲ್ಲೆಲ್ಲಿ ಹಚ್ಚಿದ್ದನೋ ಆ ಗುರುತುಗಳು ಚರ್ಮದ ಮೇಲೆ ಇನ್ನೂ ಕೆಂಪಗಿದ್ದವು, ನಾನೂ ಅಲ್ಲಲ್ಲೇ ಹಚ್ಚಿದೆ. ಹಚ್ಚುತ್ತಾ, ಮೊನ್ನೆ ಅಷ್ಟೊಂದು ಸಲ ಬಟನ್ ಒತ್ತಿದ್ದೀರಲ್ಲ, ಅಷ್ಟು ಸಲ ಎದೆನೋವು ಬಂದಿತ್ತಾ ಅಂತ ವಿಚಾರಿಸಿದೆ.

"ಎದೆಯಾಗೆ ಏನಾರ ಆದ್ರೆ ಒತ್ತು ಅಂದ ನನ್ ಮಗ," ಅಂದರು. "ಅವನ ಅಪ್ಪಂದು ನೆಪ್ಪಾಯ್ತಿತ್ತು. ಒತ್ತಿದೆ."

ನನಗೆ ನಗು ಬಂತು, ನಗುತ್ತಲೇ ಕಣ್ಣು ಒದ್ದೆಯಾಯಿತು. ಗುರುವಿನ ಅಪ್ಪ ಮಹಾಲಿಂಗಯ್ಯನವರು ತೀರಿಹೋಗಿ ವರ್ಷಗಳಾಗಿದ್ದವು. ರಿಪೋರ್ಟಿನಲ್ಲಿ ಆ ಗುರುತುಗಳ ಎದುರು 'ರೋಗಲಕ್ಷಣ' ಅಂತ ಅಚ್ಚಾಗಿತ್ತು, ತಪ್ಪು ಅಂತ ಹೇಳಲೂ ಬಾಯಿ ಬರಲಿಲ್ಲ.

ಅವರು ಪೂಜೆಗೆ ಕೂತರು, ನಾನು ಗೋಡೆಗೊರಗಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ವಿಭೂತಿ ಹಚ್ಚಿಕೊಂಡರು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು, ನೀರೆರೆದು ಪತ್ರೆ ಏರಿಸಿ ಅದನ್ನೇ ನೋಡುತ್ತಾ ಕೂತರು. ಗುರು ಹೇಳಿದ್ದು ನಿಜ, ರೆಪ್ಪೆಯೂ ಅಲುಗಲಿಲ್ಲ. ಪರದೆಯ ಮೇಲಿನ ಗೆರೆಯಂತೂ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು, ಅಷ್ಟು ಚೊಕ್ಕವಾಗಿತ್ತು. ನನಗೆ ನಿರಾಸೆಯೇ ಆಯಿತು. ಪೂಜೆ ಮುಗಿಯಿತು, ಲಿಂಗ ಕರಡಿಗೆಗೆ ಹೋಯಿತು, ಕರಡಿಗೆ ಎದೆಗೆ ಬಂತು. ಆಮೇಲೆ ಅವರು ಮಂಡಿಯೂರಿ ಗೋಡೆಯ ಮೇಲಿದ್ದ ಮಠದ ಸ್ವಾಮಿಗಳ ಪಟಕ್ಕೆ ಹಣೆ ನೆಲಕ್ಕೆ ಮುಟ್ಟುವ ಹಾಗೆ ಬಗ್ಗಿದರು. ಪರದೆಯ ಮೇಲೆ ಗೆರೆ ಬಿದ್ದುಹೋಯಿತು. ಎದ್ದರು, ಗೆರೆಯೂ ಎದ್ದಿತು. ಗಂಡನ ಫೋಟೊಕ್ಕೆ ಬಗ್ಗಿದರು, ಮತ್ತೆ ಬಿತ್ತು. ಮಠದ ದಿಕ್ಕಿಗೆ ತಿರುಗಿ ಬಗ್ಗಿದರು, ಮತ್ತೆ ಬಿತ್ತು.

ಬಗ್ಗಿದಾಗ ತೂಗಾಡುವ ಬೆಳ್ಳಿ ಕರಡಿಗೆ ನಡುವಿನ ಪ್ಯಾಚಿನ ಕ್ಲಿಪ್ಪಿನ ಮೇಲೆ ಬಂದು ಒತ್ತುತ್ತಿತ್ತು, ಕ್ಲಿಪ್ಪು ಒಂದು ಬದಿಗೆ ಎದ್ದು ಕೂರುತ್ತಿತ್ತು. ಅಷ್ಟೇ ಸಂಗತಿ. ಬೇರೆ ಯಾವುದೇ ಊರಿನವನು ಪ್ಯಾಚು ಹಚ್ಚಿದ್ದರೂ ಮೊದಲು ಕೊರಳಲ್ಲಿರುವುದನ್ನೆಲ್ಲ ತೆಗೆದಿಡಿ ಅನ್ನುತ್ತಿದ್ದ. ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ. ಲಿಂಗ ಕಟ್ಟಿದ ಮೇಲೆ ಅದು ಮೈಯ ಭಾಗವೇ, ಜೀವ ಇರುವ ತನಕ ಬೇರೆ ಮಾಡುವುದಿಲ್ಲ ಅಂತ ತುಮಕೂರಿನ ಮಕ್ಕಳಿಗೂ ಗೊತ್ತು. ಗುರು ಅದೇ ಮನೆಯಲ್ಲಿ ಹುಟ್ಟಿದವನು, ಕೇಳುವುದಿರಲಿ, ಕರಡಿಗೆ ಅಲ್ಲಿದೆ ಅಂತ ಅವನ ಕಣ್ಣಿಗೆ ಬಿದ್ದೇ ಇಲ್ಲ. ನಾನೂ ಈಗ ತಾನೇ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ ಪ್ಯಾಚು ಹಚ್ಚಿದ್ದೆ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ಸುಮ್ಮನೆ ಹೇಳುತ್ತಾರೆಯೇ.

ಗುರುವಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಮೂಗು ಸೀನುವ ಸದ್ದು ಕೇಳಿಸಿತು. ಮಾರನೆಯ ಬೆಳಿಗ್ಗೆ ಅವನೇ ನನ್ನ ಮೇಜಿನ ಹತ್ತಿರ ಬಂದು, ನಿನ್ನ ಮೂರನೆಯ ಟೈಪು ಹಾಕು ಮಹರಾಯ್ತಿ, ನನ್ನ ಸೊನ್ನೆ ಕಿತ್ತುಹಾಕು ಅಂದ. ನಾನು ಸುಮ್ಮನಿರಲಿಲ್ಲ, ಅಂದಿದ್ದೆನಲ್ಲ ಅಂತ ಒಂದಷ್ಟು ಚುಚ್ಚಿಯೇ ಕೆಲಸ ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ 'ಗೊತ್ತಿಲ್ಲ' ತಯಾರಾಯಿತು. ಬಸವಲಿಂಗಮ್ಮನ ಹಳೆಯ ರೆಕಾರ್ಡಿಂಗನ್ನು ಮತ್ತೆ ಓಡಿಸಿದೆ. ಬೆಳಗಿನ ಸಪಾಟುಗಳೆಲ್ಲ ಬಿಳಿ ಖಾಲಿ ಜಾಗವಾದವು, ಸಂಜೆಯವೂ ಆದವು. ಗುರು ಪರದೆಯನ್ನು ಪೂರ್ತಿ ನೋಡುವಷ್ಟೂ ತಾಳ್ಮೆಯಿಲ್ಲದೆ ಬೈಕು ಹತ್ತಿ ಹೋಗಿ ಮೈಸೂರುಪಾಕು ತಂದು, ಪಕ್ಕದ ಶೆಡ್ಡಿನವರಿಗೂ ಹಂಚಿಬಿಟ್ಟ.

ಅವನು ಹಂಚುತ್ತಿರುವಾಗ ನಾನು ಮಧ್ಯಾಹ್ನದ ಭಾಗಕ್ಕೆ ಬಂದಿದ್ದೆ. ಅಲ್ಲೊಂದು ಕಡೆ ಬಡಿತ ನಿಂತಿತ್ತು. ಖಾಲಿ ಜಾಗವಾಗಿರಲಿಲ್ಲ, ಗೆರೆಯಾಗಿಯೇ ಉಳಿದಿತ್ತು. ದೊಡ್ಡದು ಮಾಡಿ ನೋಡಿದೆ. ಆ ಗೆರೆ ಸಪಾಟಾಗಿರಲಿಲ್ಲ. ಉಸಿರಿನ ಏರಿಳಿತ ಇತ್ತು, ಸಣ್ಣ ಅದುರು ಇತ್ತು, ನಡುನಡುವೆ ಲಯ ತಪ್ಪದೆ ಪುಟ್ಟ ಪುಟ್ಟ ಉಬ್ಬುಗಳು ಬರುತ್ತಲೇ ಇದ್ದವು. ಹೃದಯದ ಮೇಲಿನ ಕೋಣೆಗಳು ಕೆಳಗಿನವನ್ನು ಕರೆಯುವ ಸದ್ದು ಅದು. ಕೆಳಗಿನವು ಓಗೊಟ್ಟಿರಲಿಲ್ಲ. ಬಟನ್ನಿನ ಗುರುತು ಹುಡುಕಿದೆ, ಅಲ್ಲಿ ಒಂದೂ ಇರಲಿಲ್ಲ. ಮೈಸೂರುಪಾಕು ನನ್ನ ಬಾಯಲ್ಲಿ ಮಣ್ಣಿನ ಹಾಗಾಯಿತು. ಅಷ್ಟೊಂದು ಸುಳ್ಳು ಸೊನ್ನೆಗಳ ಗುಂಪಿನಲ್ಲಿ ಈ ಒಂದು ನಿಜವಾದದ್ದು ಗುರುತು ಸಿಗದ ಹಾಗೆ ಸೇರಿಕೊಂಡಿತ್ತು.

ಗುರುವನ್ನು ಕರೆದು ತೋರಿಸಿದೆ. ಅವನ ಮುಖ ನೋಡನೋಡುತ್ತ ಇಳಿಯಿತು, ಆಮೇಲೆ ಸಿಟ್ಟಿಗೆ ತಿರುಗಿತು. ಇದೂ ಕ್ಲಿಪ್ಪೇ ಇರಬೇಕು, ಅಮ್ಮ ಏನೋ ಎತ್ತಿಕೊಳ್ಳಲು ಬಗ್ಗಿರಬೇಕು ಅಂದ. ಬಗ್ಗಿದ್ದರೆ ಚಿಪ್ಪು ಹೇಳುತ್ತಿತ್ತು, ವೈರು ಗಟ್ಟಿಯಾಗಿಯೇ ಇತ್ತು ಅಂದೆ. ಇರೋದು ಒಂದೇ ಒಂದು ತಾನೇ, ಇದನ್ನೂ ನಿನ್ನ ಖಾಲಿ ಜಾಗಕ್ಕೆ ಸೇರಿಸಿಬಿಡು, ಅಮ್ಮನಿಗೂ ಬೇಡ, ನನಗೂ ಬೇಡ ಅಂದ. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಕೇಳಿಕೊಳ್ಳುತ್ತಿದ್ದ. ನನಗೂ ಸೇರಿಸಿಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಗೊತ್ತಿಲ್ದೇ ಇದ್ದಿದ್ದನ್ನ ಸೊನ್ನೆ ಮಾಡಿದ್ದೆ ನೀನು," ಅಂದೆ. "ಈಗ ಗೊತ್ತಾಗಿರೋದನ್ನ ಗೊತ್ತಿಲ್ಲ ಮಾಡ್ಬೇಡ ಕಣೋ."

ಅವನು ಕುರ್ಚಿ ಎಳೆದುಕೊಂಡು ಕೂತು, ಅಮ್ಮನಿಗೆ ನೀನೇ ಹೇಳು, ನನ್ನ ಕೈಲಾಗಲ್ಲ ಅಂದ. ಸಂಜೆ ಇಬ್ಬರೂ ಕ್ಯಾತ್ಸಂದ್ರಕ್ಕೆ ಹೋದೆವು. ಬಸವಲಿಂಗಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು, ಕಾಲಬುಡದಲ್ಲಿ ಮನೆಯ ಕಂದು ಬೆಕ್ಕು ಮುದುಡಿ ಮಲಗಿತ್ತು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕತೊಡಗಿದೆ. ಸಪಾಟು ಗೆರೆಗಳೆಲ್ಲ ಕರಡಿಗೆ ತಾಗಿ ಆದದ್ದು, ಅವು ಸುಳ್ಳು ಅಂದೆ. ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ನಾನು ಹೇಳ್ಲಿಲ್ವಾ ಅನ್ನುವ ಹಾಗೆ ಮಗನ ಕಡೆ ನೋಡಿದರು. ಆಮೇಲೆ, ಒಂದು ಮಾತ್ರ ಉಳಿದಿದೆ, ರೆಕಾರ್ಡರ್ ಕಟ್ಟಿಕೊಂಡಿದ್ದ ದಿನ ಊಟವಾದ ಮೇಲೆ ಏನು ಮಾಡುತ್ತಿದ್ದಿರಿ, ನೆನಪಿದೆಯಾ ಅಂತ ವಿಚಾರಿಸಿದೆ.

ಇದೇ, ಅವರೆಕಾಳು ಹಿತುಕುತ್ತಿದ್ದೆ, ಏನೂ ಆಗಲಿಲ್ಲ, ಆಗಿದ್ದರೆ ಬಟನ್ ಒತ್ತುತ್ತಿರಲಿಲ್ಲವೇ ಅಂದರು. ಸ್ವಲ್ಪ ಯೋಚಿಸಿ, ಈ ಮುಂಡೇದು ಬೆಕ್ಕು ಕಾಳಿನ ಪಾತ್ರೆ ಮಗುಚಿ ಹಾಕಿತ್ತು, ಎಲ್ಲ ಅಂಗಳಕ್ಕೆ ಚೆಲ್ಲಿಹೋಗಿತ್ತು, ಅದಕ್ಕೆ ಬಾಯಿಗೆ ಬಂದ ಹಾಗೆ ಬೈದೆ ಅಂದರು. ಬೆಕ್ಕು ಮಗುಚಿದ್ದನ್ನು ನೀವು ನೋಡಿದಿರಾ ಅಂದೆ.

ಅವರ ಕೈ ನಿಂತಿತು. ಬೆರಳ ನಡುವಿದ್ದ ಕಾಳು ಸಿಪ್ಪೆಯೊಳಗೇ ಉಳಿಯಿತು. ನೋಡಿರಲಿಲ್ಲ. ಪಾತ್ರೆ ತೊಡೆಯ ಮೇಲಿತ್ತು, ಆಮೇಲೆ ನೋಡಿದರೆ ಅಂಗಳದಲ್ಲಿತ್ತು. ನಡುವೆ ಏನಾಯಿತು ಅನ್ನುವುದು ಅವರ ಹತ್ತಿರ ಇರಲೇ ಇಲ್ಲ. ಬೆಕ್ಕಿನ ಕಡೆ ನೋಡಿದರು. ಗುರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಅವನ ಕಡೆ ತಿರುಗಲಿಲ್ಲ.

"ಪಾಪ, ಸುಮ್ ಸುಮ್ನೆ ಬೈದ್ಬುಟ್ಟೆ ಅದಕ್ಕೆ," ಅಂದರು.

ಆಮೇಲೆ, ನಾನು ಲಿಂಗ ಹಿಡಿಯುವುದು ಎಡಗೈಯಲ್ಲಿ, ಆ ಡಬ್ಬಿಯನ್ನು ಬಲಗಡೆ ಇಡಕ್ಕಾಗುತ್ತದಾ ಕೇಳು ಅಂದರು. ಡಾಕ್ಟರ್ ಅನುಪಮಾ ಆ ಗೆರೆಯನ್ನು ನೋಡಿ, ಪುಟ್ಟ ಉಬ್ಬುಗಳ ಮೇಲೆ ಬೆರಳಾಡಿಸಿ, ಇದು ನಿಜ, ಇದೊಂದೇ ಸಾಕು ಅಂದರು. ಬಲಗಡೆ ಇಡುವುದಕ್ಕೂ ಒಪ್ಪಿದರು. ಶಿವದಾರಕ್ಕೂ ಹೊಲಿಗೆಗೂ ಸಾಕಷ್ಟು ಅಂತರವಿರಲಿ ಅಂತ ಬಸವಲಿಂಗಮ್ಮ ಆಪರೇಷನ್ ಟೇಬಲ್ ಮೇಲೆ ಮಲಗಿಕೊಂಡೂ ಹೇಳಿದರಂತೆ.

ಹೊಲಿಗೆ ಮಾಗಿದ ಮೇಲೆ ಡಾಕ್ಟರು ಮತ್ತೊಂದು ರೆಕಾರ್ಡಿಂಗ್ ಕೇಳಿದರು. ಈ ಸಲ ಗುರು ಮೊದಲು ತಾಯಿಯನ್ನು ಬಗ್ಗಿಸಿ, ಕರಡಿಗೆ ಎಲ್ಲಿಗೆ ಬರುತ್ತದೆ ನೋಡಿಕೊಂಡು, ಆ ಜಾಗ ಬಿಟ್ಟು ಪ್ಯಾಚು ಹಚ್ಚಿದ. ಫೈಲು ನನ್ನ ಮೇಜಿಗೆ ಬಂತು. ಬೆಳಿಗ್ಗೆ ಒಂದೂ ಖಾಲಿ ಜಾಗವಿಲ್ಲ, ಸಂಜೆಯೂ ಇಲ್ಲ. ಬಡಿತ ಒಂದರ ಹಿಂದೆ ಒಂದು ಶಿಸ್ತಾಗಿ ಬಂದಿತ್ತು. ಆದರೆ ಮಧ್ಯಾಹ್ನ ಒಂದು ಕಡೆ ಬಟನ್ನಿನ ಗುರುತಿತ್ತು. ಹಿಂದೆ ಮುಂದೆ ಎಲ್ಲ ಜಾಲಾಡಿದೆ, ಬಡಿತ ಸ್ವಲ್ಪ ಜೋರಾಗಿದ್ದು ಬಿಟ್ಟರೆ ಯಾವ ದೋಷವೂ ಕಾಣಲಿಲ್ಲ. ಮಹಾಲಿಂಗಯ್ಯನವರ ನೆನಪಾಗಿರಬೇಕು ಅಂದುಕೊಂಡರೂ ಸಮಾಧಾನವಾಗದೆ ಫೋನ್ ಮಾಡಿ, ಯಾಕೆ ಒತ್ತಿದಿರಿ ಅಂತ ಕೇಳಿಯೇಬಿಟ್ಟೆ.

"ಬೆಕ್ಕು ಅವರೆಕಾಳಿನ ಪಾತ್ರೆ ಮಗುಚ್ತು ಕಣವ್ವ," ಅಂದರು ಬಸವಲಿಂಗಮ್ಮ. "ಈ ಸಲ ನಾನೇ ಕಣ್ಣಾರೆ ನೋಡ್ದೆ."